ಬೀಗದ ಕೈ

ಘಾಟ್‌ಕೋಪರ್‌ವರೆಗೆ ನೆನಪಿದೆ.
ಬಾಗಿಲ ಬಳಿಯ ಕಂಬ, ನನ್ನ ಬೆರಳ ಮೇಲೆ ಯಾರದೋ ಬೆರಳು,
ಹಲ್ಲಲ್ಲಿ ಪಿನ್ನು ಕಚ್ಚಿ ನೆರಿಗೆ ಸರಿಮಾಡುತ್ತಿದ್ದ ಒಬ್ಬಾಕೆ.
ಆಮೇಲೆ ಆ ವಾಸನೆ, ಸೀದ ಬೆಲ್ಲದ್ದು.
ಲೋಕಲ್ಲಿನೊಳಗೆ ಬೆಲ್ಲ ಕಾಯಿಸುವವರು ಯಾರಪ್ಪಾ
ಎಂದು ಕೇಳಬೇಕು ಅನ್ನುವಷ್ಟರಲ್ಲಿ
ದಾದರ್.

ನಡುವೆ ಒಂದು ಕುರ್ಲಾ ಇರಬೇಕಿತ್ತು.
ಇರಲಿಲ್ಲ.

ನಾನು ನೆಲದ ಮೇಲೆ. ಬಾಗಿದ ಮುಖಗಳಾಚೆ ತೂಗುವ ಹಿಡಿಕೆಗಳು.
ನಾಲಿಗೆಯ ಅಂಚು ಉಪ್ಪುಪ್ಪು. ಸಲ್ವಾರು ಒದ್ದೆ,
ಮೇಲೆ ಯಾರೋ ತಮ್ಮ ಓಢಣಿ ಹೊದಿಸಿದ್ದರು.
‘ಚಪ್ಪಲಿ ಮೂಸಿಸಿ’ ಎಂದಳೊಬ್ಬಳು. ಮೂಸಿಸಿಯಾಗಿತ್ತು.
‘ಈರುಳ್ಳಿ?’ ಅದೂ ಆಗಿತ್ತು.
ಬಲಮುಷ್ಟಿ ಬಿಡಿಸಿದರೆ
ನೀಲಿ ಉಲ್ಲನ್ ದಾರ ಕಟ್ಟಿದ ಕಬ್ಬಿಣದ ಬೀಗದ ಕೈ.

ಯಾರದು ಎಂದು ಮೂರು ಭಾಷೆಯಲ್ಲಿ ಕೇಳಿದೆ ಎಂದುಕೊಂಡೆ;
ಬಾಯಿಂದ ಬಂದದ್ದು ಬರೀ ತುಳು.
ಕೊಟ್ಟವಳು ಕುರ್ಲಾದಲ್ಲೇ ಇಳಿದಿದ್ದಳಂತೆ.

ಅಂದು ಸಂಜೆ ಮುಂಬಯಿಯ ಯಾವುದೋ ಓಣಿಯಲ್ಲಿ
ಒಂದು ಬೀಗಕ್ಕೆ ಕೈ ಇರಲಿಲ್ಲ.
ಒಬ್ಬಳು ಪರ್ಸು ಮಗುಚಿ, ಚೀಲ ಕೊಡವಿ,
ಮೆಟ್ಟಿಲ ಮೇಲೆ ಕೂತು
ನನ್ನನ್ನು ನೆನೆದಿರಬೇಕು. ಬೈದಿರಲೂಬಹುದು.

‘ಫಿಟ್ಸು ಅನ್ನಬೇಡ, ತಲೆಸುತ್ತು ಅನ್ನು,
ಸಂಬಂಧ ನೋಡುತ್ತಿದ್ದೇವೆ’ ಅಂದಳು ಚಿಕ್ಕಮ್ಮ.

ಸಯನ್ ಆಸ್ಪತ್ರೆ, ಮಂಗಳವಾರ, ಬೆಳಗ್ಗೆ ಏಳಕ್ಕೇ ಸಾಲು.
ಬಾಯಿ ವಾರೆಯಾದ ಟ್ಯಾಕ್ಸಿಯವನು, ಕೈ ನಡುಗುವ ದರ್ಜಿ,
ಹೆಂಡತಿಯ ಹೆಸರು ನಾಲಿಗೆ ತುದಿಗೇ ಬಾರದೆ
ಅವಳ ಸೆರಗನ್ನೇ ಹಿಡಿದು ಕೂತ ಗುಮಾಸ್ತ.
‘ಜಲ್ಜಾಕ್ಷಿ ಬಾಂಗೇರಾ’ ಎಂದು ಕೂಗಿದರು.
ಜಲಜಾಕ್ಷಿ ಬಂಗೇರ ಎದ್ದಳು.

ರಾತ್ರಿಯಿಡೀ ನಿದ್ದೆಗೆಟ್ಟು ಬಾ ಎಂದರು. ಅದೊಂದು ಕಷ್ಟವೇ?
ತಲೆಗೆ ಅಂಟು ಬಳಿದು ಇಪ್ಪತ್ತೊಂದು ತಂತಿ.
ಕಾಗದದ ಮೇಲೆ ಸಣ್ಣ ಅಲೆ, ಸಣ್ಣ ಅಲೆ,
ಒಂದು ಕಡೆ ಮಾತ್ರ
ಯಾರೋ ಸಿಟ್ಟಿನಲ್ಲಿ ಗೀಚಿದ ಹಾಗೆ.
ಕೂದಲಿನ ಅಂಟು ಹೋಗಲು ಮೂರು ಸ್ನಾನ ಬೇಕಾಯಿತು.

ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ.
ಡಾಕ್ಟರ್ ಕರಂದೀಕರ್ ನಕ್ಕರು, ಬಾಯಿ ಮುಚ್ಚಿಕೊಂಡು.
‘ಅದು ಎರಡು ನಿಮಿಷಕ್ಕೆ ತಾನಾಗಿ ನಿಲ್ಲುವುದು.
ಅಷ್ಟರಲ್ಲಿ ಕೀಲಿ ಬಂದಿರುತ್ತದೆ, ಹೆಸರು ಕೀಲಿಗೆ.’

ಮೊದಲ ಮಾತ್ರೆಗೆ ಮೈತುಂಬ ದದ್ದು.
ಎರಡನೆಯದಕ್ಕೆ ಮೈತುಂಬ ಸಿಟ್ಟು;
ಹಾಲಿನವನ ಮೇಲೆ ಕ್ಯಾನು ಎಸೆದೆ.
ಮೂರನೆಯದು ಒಗ್ಗಿತು. ಬೆಳಗ್ಗೆ ಒಂದು, ರಾತ್ರಿ ಒಂದು.
ಭಿವಂಡಿಯ ಮದುವೆಯಲ್ಲಿ ಒಂದೇ ಒಂದು ರಾತ್ರಿ ಮರೆತೆ,
ಊಟದ ಪಂಕ್ತಿಯಲ್ಲಿ ಬಿದ್ದೆ.
‘ತಲೆಸುತ್ತು’ ಮುಗಿಯಿತು ಅಲ್ಲಿಗೆ, ಸಂಬಂಧವೂ.

ಬೀಗದ ಕೈ ಈಗ ಮಾತ್ರೆಯ ಡಬ್ಬಿಯಲ್ಲಿದೆ.
ಎಲ್ಲರೂ ಕೆಲಸಕ್ಕೆ ಹೋದ ಒಂದು ಮಧ್ಯಾಹ್ನ
ನಮ್ಮ ಮಹಡಿಯ ಹದಿನಾಲ್ಕು ಬಾಗಿಲಿಗೂ ಹಾಕಿ ನೋಡಿದೆ.
ಒಂದೂ ತೆರೆಯಲಿಲ್ಲ, ದೇವರ ದಯೆ.

ಮೂರು ವರ್ಷ. ಈಗ ದಿನವೂ ಕುರ್ಲಾ ಬರುತ್ತದೆ.

ಮೊನ್ನೆ ಕಾಲೇಜಿನ ಹುಡುಗಿ, ಕಿಟಕಿಯ ಪಕ್ಕ,
ಒಮ್ಮೆಲೇ ಕತ್ತು ತಿರುಚಿ ಸೆಟೆದಳು.
ಜನ ಚೀರಿತು. ಒಬ್ಬಳು ಅವಳ ಬಾಯಿಗೆ ಚಮಚ ತಂದಳು; ತಳ್ಳಿದೆ.
ಎಡಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ನನ್ನ ಬುತ್ತಿಚೀಲ,
ಕಣ್ಣು ಗಡಿಯಾರದ ಮೇಲೆ.
ಮುದುಕಿಯೊಬ್ಬಳು ಸೊಂಟದಿಂದ ಗೊಂಚಲು ಬಿಚ್ಚಿ ಚಾಚಿದಳು.
‘ಬೇಡ ಅಜ್ಜಿ,
ಸಂಜೆ ನೀವು ಮನೆಯೊಳಗೆ ಹೋಗಬೇಕಲ್ಲ.’

ಒಂದು ನಿಮಿಷ ನಲವತ್ತು ಸೆಕೆಂಡು.
ಉಸಿರು ಮರಳಿತು, ಬಣ್ಣ ಮರಳಿತು,
ಅವಳು ಮರಳಲು ಇನ್ನೂ ಹೊತ್ತು ಹಿಡಿಯಿತು.
ಯಾವ ಸ್ಟೇಷನ್ ಎಂದು ತೊದಲಿದಳು.
ದಾದರ್ ಎಂದೆ.
ಆಮೇಲೆ, ಅವಳು ಕೇಳದಿದ್ದರೂ, ಹೇಳಿದೆ:
ಕುರ್ಲಾ ಬಂದಿತ್ತು ಮಗಾ. ನಾನು ನೋಡಿಟ್ಟಿದ್ದೇನೆ.
ಕೊತ್ತಂಬರಿ ಮೂಟೆಯ ಮೇಲೆ ಒಬ್ಬ ಕೂತಿದ್ದ.
ಇಬ್ಬರು ಪೊಲೀಸರು ಒಂದೇ ಚಹಾ ಹಂಚಿಕೊಂಡರು.
ಸೇತುವೆಯ ಮೆಟ್ಟಿಲ ಕೆಳಗೆ ನಾಯಿ,
ಅಷ್ಟು ಕಾಲುಗಳ ನಡುವೆ, ಮಲಗಿಯೇ ಇತ್ತು.