ಒಂದೇ ಪಕ್ಕದ ಸವೆತ

ನಾಲ್ಕು ತಿಂಗಳಲ್ಲಿ ಇದು ಮೂರನೇ ಚೈನು, ಬರಿಗ್ಯೆ.
ಅಂಗಡಿಯವನೇ ಕಳ್ಳ ಅನ್ನುತ್ತೀಯ.
ಇರಬಹುದು. ಎಂಬರಾರಾ ಪೇಟೆಯಲ್ಲಿ
ಡಬ್ಬಿಯ ಹೆಸರೊಂದು, ಒಳಗಿನ ಉಕ್ಕೊಂದು.
ಆದರೆ ಕಳ್ಳ ಚೈನು ಎರಡೂ ಪಕ್ಕ ಕದಿಯುತ್ತದೆ.
ಇದು ಒಂದೇ ಪಕ್ಕ ತಿಂದಿದೆ.

ಬಾ, ಬಗ್ಗು.
ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ನೋಡು:
ಹೊರಮೈಗೆ ಹಳೇ ಗ್ರೀಸು, ರಸ್ತೆಯ ಕೆಂಧೂಳು;
ಒಳಮೈ ಮಾತ್ರ ಈಗಷ್ಟೇ ತಿಕ್ಕಿಟ್ಟ ತಟ್ಟೆ.
ಮುದಿಯಾದ ಹಲ್ಲು ಕೊಕ್ಕೆಯಾಗುತ್ತದೆ,
ಅದು ವಯಸ್ಸು, ಅದಕ್ಕೆ ನನ್ನ ತಕರಾರಿಲ್ಲ.
ನಿನ್ನವು ಓರೆಯಾಗಿ ಹೆರೆದಿವೆ,
ಪೆನ್ಸಿಲನ್ನು ಒಂದೇ ಕಡೆಯಿಂದ ಕೆತ್ತುವ ಹುಡುಗನ ಹಾಗೆ.

ಮೊದಲು ನಾನೂ ಗೆರೆಗಳನ್ನು ನಂಬಿದೆ.
ಎಡಕ್ಕೆ ಮೂರು, ಬಲಕ್ಕೆ ಮೂರು,
ಚಕ್ರ ನೆಟ್ಟಗಿದೆ ಎಂದು ಆಣೆಯಿಡುವ ಗೆರೆಗಳು.
ಕಾರ್ಖಾನೆಯಲ್ಲಿ ಹುಟ್ಟಿದವಕ್ಕೆ
ಕಾಜೋ ರಸ್ತೆಯ ಹೊಂಡಗಳೇನು ಗೊತ್ತು?
ಆಮೇಲೆ ದಾರ ಎಳೆದೆ, ಹಿಂದಿನ ಗಾಲಿಯಿಂದ ಮುಂದಿನದಕ್ಕೆ.
ಅಪ್ಪ ಇಟ್ಟಿಗೆ ಸಾಲಿಗೆ ಕಟ್ಟುತ್ತಿದ್ದ ಅದೇ ಬಿಳಿ ದಾರ.
ಗಾಡಿ ಖಾಲಿಯಿದ್ದಾಗ
ದಾರವೂ ಗೆರೆಗಳ ಪರವಾಗಿಯೇ ಸಾಕ್ಷಿ ಹೇಳಿತು.

ಆಗ ನಮ್ಮ ಹುಡುಗ ನುವಗಾಬನಿಗೆ
ಎಡಗಡೆಯ ಕೊಕ್ಕೆಗೆ ಜೋತುಬೀಳೋ ಎಂದೆ.
ಅವನು ನಗುತ್ತ ಜೋತ.
ದಾರ ಟೈರನ್ನು ಬಿಟ್ಟು ನಿಂತಿತು,
ಒಂದು ಬೆರಳು.

ಸ್ವಿಂಗ್ ಆರ್ಮ್ ಬಿಚ್ಚಿದರೆ
ಬುಷ್ ಕೈಗೆ ಉದುರಿತು, ದುಂಡಗಿರಬೇಕಾದ್ದು
ಮೊಟ್ಟೆಯಾಗಿ.

ಈಗ ಹೇಳು.
ಎಡದ ಕೊಕ್ಕೆ ಉಜ್ಜುಜ್ಜಿ ಬೆಳ್ಳಗಾಗಿದೆ,
ಬಲದ್ದಕ್ಕೆ ತುಕ್ಕು.
ಇನ್ನೊಂದು ಕ್ಯಾನು ಎಲ್ಲಿ?

ನೀನು ಬೂಟಿನ ತುದಿ ನೋಡಿದೆ.
ಮುಗರೂರ ತನ್ನ ಪಾಲಿನ ಹಸು ಹೊಡೆದುಕೊಂಡು
ಕ್ಯಾಂಕ್ವಾಂಜಿ ಕಡೆ ಹೋದ, ಅಂದೆ.
ಉದ್ದ ಕೊಂಬಿನವೆಲ್ಲ ಅವನಿಗೆ ಬಂದವು.
ಕ್ಯಾನು ಎರಡನ್ನೂ ನಿನಗೇ ಬಿಟ್ಟ.
ಹಾಲು ಒಂದಕ್ಕೇ ಇದೆ.

ಎರಡಕ್ಕೂ ಅರ್ಧರ್ಧ ಹಂಚಬಾರದಿತ್ತೇ ಎಂದೆ.
ಅರ್ಧ ಕ್ಯಾನು ದಾರಿಯುದ್ದ ಕುಲುಕುತ್ತದೆ ಕ್ಯಾರಿಸೀಮಾ,
ರುಶೇರೆ ಡೇರಿ ಬರುವಷ್ಟರಲ್ಲಿ ಬೆಣ್ಣೆ ತೇಲುತ್ತದೆ,
ಅಳೆಯುವವಳು ಮೂಗು ಮುರಿಯುತ್ತಾಳೆ, ಅಂದೆ.
ಒಪ್ಪಿದೆ.
ತುಂಬಿದ ಒಂದೇ ಕ್ಯಾನು ಕಂಡವರು
ಇನ್ನೊಂದನ್ನು ಎಲ್ಲೋ ಇಳಿಸಿ ಬಂದ ಎಂದುಕೊಳ್ಳುತ್ತಾರೆ,
ಅದನ್ನು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ.

ಇಪ್ಪತ್ತು ಲೀಟರಿನ ಎರಡು ಚಿಕ್ಕವು ಕೊಳ್ಳು.
ದುಡ್ಡಿಲ್ಲವೇ? ಬಲಕ್ಕೆ ಕಲ್ಲು ಕಟ್ಟು.
ಕಲ್ಲು ಹೊರಲು ಪೆಟ್ರೋಲು ಸುಡಲೇ ಎಂದು ರೇಗಿದೆ.
ಸುಡು. ಚೈನೂ ಸವೆಯುತ್ತದೆ.
ಸವೆಯದ ಚೈನು ಅಂಗಡಿಯ ಮೊಳೆಯಲ್ಲಿ ಮಾತ್ರ.
ಸವೆದರೂ ನೆಟ್ಟಗೆ ಸವೆಯಲಿ ಎನ್ನುವುದಷ್ಟೇ ನನ್ನ ಕಸುಬು.
ಹೊಸ ಬುಷ್ ಹಾಕಿದೆ, ಸಾಲದಲ್ಲಿ ಬರೆದೆ.

ಮೂರು ವಾರದ ಮೇಲೆ ಬಂದೆ.
ಎಡಕ್ಕೆ ಹಾಲಿನ ಕ್ಯಾನು, ಬಲಕ್ಕೆ ಆ ಇನ್ನೊಂದು,
ಕತ್ತಿನವರೆಗೆ ನೀರು.
ಡೇರಿಯವಳು ಎರಡಕ್ಕೂ ಗಾಜಿನ ಕಡ್ಡಿ ಇಳಿಸಿ
ತಲೆ ಕೆರೆದುಕೊಂಡಳಂತೆ:
ನೀರನ್ನು ಇಷ್ಟು ಪ್ರಾಮಾಣಿಕವಾಗಿ ತಂದವನನ್ನು
ಈ ಹದಿನೇಳು ವರ್ಷದಲ್ಲಿ ನೋಡಿಲ್ಲ.

ನಾನು ನಗಲಿಲ್ಲ. ಪೆದ್ದ, ಎಂದೆ,
ವಾಪಸ್ಸು ಬರುವಾಗ ಎಡದ್ದು ಖಾಲಿ,
ಬಲದ್ದು ತುಂಬಿದೆ. ಮತ್ತೆ ಅದೇ ಕತೆ,
ಈ ಸಲ ಆ ಕಡೆಗೆ.

ಇಲ್ಲ, ಅಂದೆ ನೀನು, ಸೀಟಿನ ಧೂಳು ಒರೆಸುತ್ತ.
ಬರುವಾಗ ಅರ್ಧ ಅದಕ್ಕೆ, ಅರ್ಧ ಇದಕ್ಕೆ.
ನೀರು ತಾನೆ.
ಕುಲುಕಿದರೆ ಕುಲುಕಲಿ.