ಟೇಪು ಒಣಗುವ ಹೊತ್ತು

ತಿಂಗಳ ಮೊದಲ ಮಂಗಳವಾರ
ಏಳನೇ ನಂಬರಿನ ಕೊಳವೆಬಾವಿಯ ಮುಚ್ಚಳ ತಿರುಗಿಸುತ್ತೇನೆ.
ಮೊದಲು ಅದು ಉಸಿರು ಬಿಡುತ್ತದೆ.
ಗಾಳಿಯ ಒತ್ತಡ ಇಳಿದ ದಿನ
ಕಲಹಾರಿಯ ಬಾವಿಗಳು ನಿಟ್ಟುಸಿರಿಡುತ್ತವೆ,
ಏರಿದ ದಿನ ಒಳಗೆಳೆದುಕೊಳ್ಳುತ್ತವೆ.
ಒಮ್ಮೆ ನನ್ನ ಸಂಬಳದ ಚೀಟಿಯನ್ನೇ ನುಂಗಿತ್ತು.

ಉಕ್ಕಿನ ಟೇಪಿನ ತುದಿಗೆ ನೀಲಿ ಸೀಮೆಸುಣ್ಣ ಬಳಿದು
ಇಳಿಬಿಡುತ್ತೇನೆ,
ನಿದ್ದೆಹೋದವರ ಜೇಬಿಗೆ ಕೈ ಇಳಿಸಿದ ಹಾಗೆ.
ಬಾವಿಯ ಅಂಚಿಗೆ ಬಂದ ಗುರುತಿಗೊಂದು ಬಟ್ಟೆಕ್ಲಿಪ್ಪು.
ಮೇಲೆಳೆದರೆ
ಸುಣ್ಣ ಎಲ್ಲಿಯವರೆಗೆ ಕಪ್ಪಾಗಿದೆಯೋ ಅಲ್ಲಿಯವರೆಗೆ ನೀರು.
ಕಳೆಯುವ ಲೆಕ್ಕ. ಎರಡನೇ ಕ್ಲಾಸು ಸಾಕು.

ಬೇಲಿಯಾಚೆ ತ್ಸೆಖೊ.
ಅವನದೂ ಒಂದು ಬಾವಿ, ಅವನದೂ ಒಂದು ಟೇಪು,
ದೇಶ ಬೇರೆ. ಅಲ್ಲಿ ದುಡ್ಡಿಗೇ ಮಳೆಯೆಂದು ಹೆಸರು.
ಅವನ ಹೆಸರಿಗೆ ವ್ಯಾಜ್ಯವೆಂದರ್ಥ:
ಹುಟ್ಟಿದ ದಿನ ಅಪ್ಪ ಖೋತ್ಲಾದ ನ್ಯಾಯಕಟ್ಟೆಯಲ್ಲಿ
ಪಕ್ಕದವನ ಕತ್ತೆಯ ಸಲುವಾಗಿ ನಿಂತಿದ್ದನಂತೆ.
ಗೆದ್ದನೋ ಸೋತನೋ, ಹೆಸರಲ್ಲಿ ಅದಿಲ್ಲ.

ನಮ್ಮಿಬ್ಬರ ನಡುವಿನ ಗೆರೆ
ಎಂದೋ ಯಾರೋ ಅಡಿಪಟ್ಟಿ ಇಟ್ಟು ಎಳೆದದ್ದು.
ಪೆನ್ಸಿಲು ಮರಳಿನ ಮೇಲಷ್ಟೇ ಹೋಯಿತು.
ಬೇಲಿಗೆ ಒರಗಿದ ಕುರುಬಮರದ ಬೇರು ಮಾತ್ರ
ಅರವತ್ತು ಮೀಟರು ಇಳಿದು
ಯಾರದೆಂದು ಕೇಳದೆ ಕುಡಿಯುತ್ತದೆ.

ವರ್ಷಗಟ್ಟಲೆ ಅಂಕಿಗಳನ್ನು ಕೂಗಿ ಹೇಳಿಕೊಂಡೆವು.
‘ನಲವತ್ತೊಂದು ಮೂವತ್ತು!’
‘ಮೂವತ್ತೆಂಟು ಹತ್ತು!’
ನಡುನಡುವೆ ಆಡಿನ ಬೆಲೆ,
ಅವನ ಹೆಂಡತಿಯ ಮಂಡಿನೋವು.

ಆಮೇಲೆ ನಮ್ಮ ಕಡೆ ನೂರು ಹೆಕ್ಟೇರು ಮೇವಿನ ಬೆಳೆ,
ದುಂಡಗೆ ತಿರುಗುತ್ತ ನೀರೆರೆಯುವ ಪೈಪು.
ರಾಜಧಾನಿಯಲ್ಲಿ ಒಪ್ಪಂದದ ಮಾತು ಶುರು.
‘ಗಣನೀಯ ಹಾನಿ ಆಗತಕ್ಕದ್ದಲ್ಲ’ ಎಂಬ ಸಾಲಿನಲ್ಲಿ
‘ಗಣನೀಯ’ಕ್ಕೇ ಮೂರು ದಿನ ಹಿಡಿಯಿತಂತೆ.
ನನಗೊಂದು ಸುತ್ತೋಲೆ ಬಂತು:
ಮಾತುಕತೆ ಮುಗಿಯುವ ತನಕ
ನೀರಿನ ಮಟ್ಟವನ್ನು ಹೊರದೇಶದವರಿಗೆ
ಹೇಳಕೂಡದು, ಬರೆದು ಕೊಡಕೂಡದು.
ಕೆಳಗೆ ಸಹಿ, ಸಹಿಯ ಕೆಳಗೆ ಮೊಹರು.

ಆ ಮಂಗಳವಾರ ಕ್ಲಿಪ್ಪು ನಲವತ್ತೈದರಲ್ಲಿತ್ತು,
ಕಪ್ಪು ಒಂದು ಅರವತ್ತಕ್ಕೆ ನಿಂತಿತ್ತು.
ಹಿಂದಿನ ತಿಂಗಳ ನಲವತ್ತೊಂದು ಮೂವತ್ತು
ಇಬ್ಬರಿಗೂ ಬಾಯಿಪಾಠ.
‘ಎಷ್ಟು, ಹೆಂಡ್ರೀನಾ?’
ನಾನು ಆಡಿನ ಬೆಲೆ ಕೇಳಿದೆ. ಹೇಳಿದ.
‘ಎಷ್ಟು?’
‘ನಿನ್ನ ಹೆಂಡತಿಯ ಮಂಡಿ ಹೇಗಿದೆ?’
ಅವನ ಮುಖ ಬಾವಿಯ ಹಾಗೆ ಒಳಗೆಳೆದುಕೊಂಡಿತು.

ಟೇಪು ಒದ್ದೆಯಿತ್ತು. ಒದ್ದೆ ಉಕ್ಕು ತುಕ್ಕು ಹಿಡಿಯುತ್ತದೆ;
ಇದು ಇಲಾಖೆಯ ಕೈಪಿಡಿಯದೇ ಮಾತು.
ಬೇಲಿಯ ಮೇಲೆ ಕಂಬದಿಂದ ಕಂಬಕ್ಕೆ ಹಾಸಿದೆ,
ನಲವತ್ತೈದು ಮೀಟರಿನ ಉದ್ದಕ್ಕೂ.
ಕ್ಲಿಪ್ಪು ತೆಗೆಯಲಿಲ್ಲ.
ಒಣಗಿಸಕೂಡದೆಂದು ಸುತ್ತೋಲೆಯಲ್ಲಿ ಇರಲಿಲ್ಲ.

ಅವನು ಆ ತುದಿಯಿಂದ ಈ ತುದಿಗೆ ನಡೆದ.
ಬಾಗಿದ. ಮರಳಿನ ಮೇಲೆ ಬೆರಳಿನಿಂದ ಕಳೆದ.
ಎರಡು ಮೀಟರು ಹತ್ತು. ಒಂದೇ ತಿಂಗಳಲ್ಲಿ.
ಕಾಲಿನಿಂದ ಅಳಿಸಿ,
‘ಮಂಡಿ ಪರವಾಗಿಲ್ಲ’ ಅಂದ.

ಒಪ್ಪಂದವಾಗಿ ಈಗ ನಾಲ್ಕು ವರ್ಷ.
ಹನ್ನೊಂದನೇ ವಿಧಿ: ಅಂಕಿಅಂಶಗಳ ನಿಯಮಿತ ವಿನಿಮಯ.
ಪಾಲು ಕೇಳಿದವರು ಪಾಲಿಸಲೂ ಬೇಕು, ಪಾಲಿಸುತ್ತೇನೆ.
ನನ್ನ ನಮೂನೆ ನನ್ನ ರಾಜಧಾನಿಗೆ,
ಅಲ್ಲಿಂದ ಅವನ ರಾಜಧಾನಿಗೆ, ಅಲ್ಲಿಂದ ಅವನ ಕಚೇರಿಗೆ,
ನಲವತ್ತು ದಿನ.
ಮೇವಿನ ಹೊಲ ಅರವತ್ತು ಹೆಕ್ಟೇರಿಗೆ ಇಳಿದಿದೆ,
ಅದನ್ನೂ ಹೇಳಬೇಕು.
ನೀರು ಮೇಲೆ ಬಂದಿಲ್ಲ. ಇಳಿಯುವುದು ನಿಧಾನವಾಗಿದೆ.

ಟೇಪು ಒಣಗಲು ಈ ಬಿಸಿಲಿಗೆ ಐದು ನಿಮಿಷ ಸಾಕು.
ಅರ್ಧ ಗಂಟೆ ಬಿಟ್ಟಿರುತ್ತೇವೆ.