ಮೂಲೆಯಿಲ್ಲದ ಹಾಳೆ

ಗೆಂಟ್ ಊರಿನ ಈ ಪುಟ್ಟ ಚರ್ಚಿನಲ್ಲಿ
ಅಕ್ಟೋಬರಿನಿಂದ ಮಾರ್ಚಿಗೆ ಆರು ಕಛೇರಿ.
ಕುರ್ಚಿ ಹಾಕುವವಳು ನಾನು, ತೆಗೆಯುವವಳೂ ನಾನೇ.
ಮೊದಲ ಸಲ ತೊಂಬತ್ತು ಹಾಕಿದ್ದೆ;
ಇವತ್ತು ನಲವತ್ತು, ಅದರಲ್ಲೂ ಕೆಲವದರಲ್ಲಿ ಕೋಟು ಕೂತಿದೆ.

ಚಳಿಗೆ ಕರುಳಿನ ತಂತಿ ಮುನಿಸಿಕೊಳ್ಳುತ್ತದೆ.
ಲೀವನ್ ಆ ಮುತ್ತಜ್ಜ ಪಿಟೀಲನ್ನು
ಅಂಗಿಯೊಳಗೆ ಇಟ್ಟುಕೊಂಡೇ ಬರುತ್ತಾನೆ, ಕೋಳಿಮರಿ ತಂದ ಹಾಗೆ.
ಓಡಾ ತನ್ನ ತೊಡೆಯಗಲದ ಆರ್ಗನ್ನಿನ ತಿದಿಗೆ
ಹೊಸ ಚರ್ಮ ಹಾಕಿಸಿದ್ದಾಳೆ; ಇನ್ನೂ ಕುರಿಯ ವಾಸನೆ.

ಆರುನೂರು ವರ್ಷದ ಹಾಳೆ, ಮೂಲೆ ಇಲ್ಲ.
ಯಾರೋ ಕಂದಾಯದ ಕಡತಕ್ಕೆ ಹೊದಿಕೆ ಬೇಕೆಂದು
ಕತ್ತರಿ ಆಡಿಸಿದ್ದಾನೆ. ಕೊನೆಯ ಏಳೆಂಟು ಸ್ವರ
ಲೆಕ್ಕದ ಜೊತೆ ಹೋದವು.
ತುಂಬಿಸಿ ಹಾಡಬಹುದು, ಎಲ್ಲರೂ ಹಾಗೇ ಮಾಡುತ್ತಾರೆ.
ಇವರು ಮಾಡುವುದಿಲ್ಲ. ಹಾಳೆ ಮುಗಿದಲ್ಲಿ
ಬಾಯಿ ತೆರೆದೇ ನಿಲ್ಲುತ್ತಾರೆ,
ಇನ್ನೊಂದು ಮೆಟ್ಟಿಲಿದೆಯೆಂದು ಕತ್ತಲಲ್ಲಿ ಕಾಲಿಟ್ಟವರಂತೆ.

ಇವತ್ತೂ ನಿಂತರು.
ಹೊರಗೆ ಟ್ರಾಮು ತಿರುವಿನಲ್ಲಿ ಕಿರ್ರೆಂದಿತು, ಉದ್ದಕ್ಕೆ.
ಚಪ್ಪಾಳೆ ತಟ್ಟುವುದೋ ಬೇಡವೋ ಎಂದು ಜನ.

ಆಮೇಲೆ ಸೂಪಿನ ಬಟ್ಟಲು ಹಿಡಿದು ಓಡಾ ಅಂದಳು:
"ಸ್ವರ ಅದೇ ಇರಬಹುದು ಕಣೆ, ಒಂಚೂರು ಇಳಿದಿತ್ತು."

ಕುರ್ಚಿ ಮಡಚುತ್ತಿದ್ದೇನೆ.
ಮೂರನೆಯ ಸಾಲಿನಲ್ಲಿ ಒಂಟಿ ಕೈಗವಸು.
ಅಕ್ಟೋಬರಿನವರೆಗೆ ಇಟ್ಟಿರುತ್ತೇನೆ.